ಹೃದಯದ ಕ್ಯಾಲ್ಸಿಯಂ ಸ್ಕೋರ್: ಯಾರು ಮಾಡಿಸಬೇಕು, ಹೇಗೆ ಮಾಡಿಸಬೇಕು, ರಿಪೋರ್ಟ್ ಹೇಗೆ ಓದಬೇಕು

ಹೆಲ್ತ್ ಚೆಕಪ್ ಪ್ಯಾಕೇಜುಗಳ ಪಟ್ಟಿಯಲ್ಲಿ ಇಸಿಜಿ, ಎಕೋ, ಟಿಎಂಟಿಗಳ ಕೆಳಗೆ ‘ಸಿಟಿ ಕ್ಯಾಲ್ಸಿಯಂ ಸ್ಕೋರ್’ ಅನ್ನುವ ಸಾಲು ಈಗೀಗ ಕಾಣಿಸುತ್ತದೆ. ಹೆಸರು ಕೇಳಿ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಅಂದುಕೊಳ್ಳುವವರಿದ್ದಾರೆ, ಮೂಳೆ ಸವೆತದ ಪರೀಕ್ಷೆ ಅಂದುಕೊಳ್ಳುವವರೂ ಇದ್ದಾರೆ. ಎರಡೂ ಅಲ್ಲ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕೊರೊನರಿ ರಕ್ತನಾಳಗಳ ಗೋಡೆ ಎಲ್ಲೆಲ್ಲಿ, ಎಷ್ಟೆಷ್ಟು ಸುಣ್ಣಗಟ್ಟಿದೆ ಎಂದು ನೋಡುವ ಸಿಟಿ ಸ್ಕ್ಯಾನ್ ಇದು. ಚುಚ್ಚುವುದಿಲ್ಲ, ಬಣ್ಣದ ದ್ರವ ಹಾಕುವುದಿಲ್ಲ. ಹತ್ತು ಹದಿನೈದು ನಿಮಿಷದ ಕೆಲಸ. ಕೊನೆಗೆ ಕೈಗೆ ಸಿಗುವುದು ಒಂದು ಸಂಖ್ಯೆ.

ಆ ಸಂಖ್ಯೆ ಬಂದಮೇಲೆ ನೀವು ಮತ್ತು ನಿಮ್ಮ ವೈದ್ಯರು ಏನನ್ನಾದರೂ ಬೇರೆ ರೀತಿ ಮಾಡುವಿರಾ? ದುಡ್ಡು ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಸೊನ್ನೆ ಬಂದರೂ, ಐನೂರು ಬಂದರೂ ಮಾಡುವುದು ಅದನ್ನೇ ಎಂದಾದರೆ ಸ್ಕ್ಯಾನ್ ಬೇಡ.

ಯಾರಿಗೆ ಬೇಕು, ಯಾರಿಗೆ ಬೇಡ

ಈ ಪರೀಕ್ಷೆ ನಿಜಕ್ಕೂ ಕೆಲಸಕ್ಕೆ ಬರುವುದು ನಡುವಿನಲ್ಲಿ ಸಿಕ್ಕಿಕೊಂಡವರಿಗೆ. ವಯಸ್ಸು 40ರಿಂದ 75ರ ನಡುವೆ, ಎದೆನೋವು ಏನೂ ಇಲ್ಲ, ಹೃದಯದ ಕಾಯಿಲೆ ಇದೆ ಎಂದು ಯಾರೂ ಹೇಳಿಲ್ಲ. ಆದರೆ ಎಲ್‌ಡಿಎಲ್ ಕೊಲೆಸ್ಟರಾಲ್ 140 ಇದೆ, ಬಿಪಿ ಗಡಿಯಲ್ಲಿದೆ, ಅಪ್ಪನಿಗೆ ಐವತ್ತರ ಆಸುಪಾಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡೋಣ ಅನ್ನುತ್ತಾರೆ, ನಿಮಗೆ ‘ಜೀವನಪೂರ್ತಿ ಮಾತ್ರೆ’ ಎಂದರೆ ಹಿಂಜರಿಕೆ. ಈ ಎಳೆದಾಟವನ್ನು ಬಗೆಹರಿಸಲು ಕ್ಯಾಲ್ಸಿಯಂ ಸ್ಕೋರ್‌ನಷ್ಟು ಸ್ಪಷ್ಟವಾದ ಸಾಧನ ಸದ್ಯಕ್ಕೆ ಮತ್ತೊಂದಿಲ್ಲ. ಅಮೆರಿಕದ ಹೃದ್ರೋಗ ಸಂಘಟನೆಗಳ 2018ರ ಕೊಲೆಸ್ಟರಾಲ್ ಮಾರ್ಗಸೂಚಿ ಇದನ್ನು ಸೂಚಿಸಿದ್ದೂ ಮುಖ್ಯವಾಗಿ ಇಂಥವರಿಗೇ: ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಸ್ಟ್ರೋಕ್ ಆಗುವ ಸಾಧ್ಯತೆ ಶೇ. 7.5ರಿಂದ 20ರ ಒಳಗಿದ್ದು, ಮಾತ್ರೆ ಬೇಕೋ ಬೇಡವೋ ತೀರ್ಮಾನವಾಗದವರಿಗೆ. ದಕ್ಷಿಣ ಏಷ್ಯಾ ಮೂಲದವರಾಗಿರುವುದೇ ಅಪಾಯ ಹೆಚ್ಚಿಸುವ ಒಂದು ಅಂಶ ಎಂದು ಅದೇ ಮಾರ್ಗಸೂಚಿ ಎಣಿಸುತ್ತದೆ. ನಾವೆಲ್ಲ ಅದರೊಳಗೆ ಬರುತ್ತೇವೆ.

ಬೇಡವಾದವರ ಪಟ್ಟಿ ಉದ್ದ. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಹೃದಯಾಘಾತವಾಗಿದ್ದವರಿಗೆ ಕಾಯಿಲೆ ಇದೆ ಎಂದು ಗೊತ್ತೇ ಇದೆ, ಎಣಿಸಿ ಆಗಬೇಕಾದ್ದೇನಿಲ್ಲ. ಎಲ್‌ಡಿಎಲ್ 190 ದಾಟಿದ್ದರೆ ಸ್ಟ್ಯಾಟಿನ್ ಬೇಕೇ ಬೇಕು. ಶುಗರ್ ಇರುವ 40ರಿಂದ 75ರ ವಯಸ್ಸಿನವರಿಗೂ ಸಾಮಾನ್ಯವಾಗಿ ಅದೇ ಮಾತು. ಗರ್ಭಿಣಿಯರು ಮಾಡಿಸಬಾರದು. ಈಗಾಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತ ಆರಾಮಾಗಿರುವವರು ‘ನೋಡೇಬಿಡೋಣ’ ಎಂದು ಮಾಡಿಸುವುದರಲ್ಲಿ ಹುರುಳಿಲ್ಲ.

ಎದೆಯಲ್ಲಿ ನೋವೋ ಒತ್ತಡವೋ ಕಾಣಿಸಿಕೊಂಡು, ಎಡಗೈಗೋ ದವಡೆಗೋ ಹರಡುತ್ತಿದ್ದರೆ, ಬೆವರುತ್ತಿದ್ದರೆ ಸ್ಕ್ಯಾನ್ ಸೆಂಟರಿನ ಕಡೆ ಹೆಜ್ಜೆ ಹಾಕಬೇಡಿ. ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಬೇಕಾಗಿರುವುದು ಇಸಿಜಿ ಮತ್ತು ಟ್ರೋಪೋನಿನ್ ರಕ್ತ ಪರೀಕ್ಷೆ. ಕ್ಯಾಲ್ಸಿಯಂ ಸೊನ್ನೆ ಇರುವವರಿಗೂ ಹೃದಯಾಘಾತ ಆಗಬಹುದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ, 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, ಮೈಸೂರು, ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಸಾಲಿನಲ್ಲಿ ಇಪ್ಪತ್ತೈದು, ಮೂವತ್ತರ ಹುಡುಗರೂ ಇದ್ದರು. ಆ ವಯಸ್ಸಿನಲ್ಲಿ ಈ ಸ್ಕ್ಯಾನ್ ಅತಿ ದುರ್ಬಲ. ಕೊಬ್ಬು ಶೇಖರವಾದ ಜಾಗ ಸುಣ್ಣಗಟ್ಟಲು ವರ್ಷಗಳು ಬೇಕು. ಎಳೆಯರ ರಕ್ತನಾಳದಲ್ಲಿರುವುದು ಮೆದು ಕೊಬ್ಬು, ಅದು ಈ ಸ್ಕ್ಯಾನಿಗೆ ಕಾಣುವುದಿಲ್ಲ. ಮೂವತ್ತರ ಬೀಡಿ ಸೇದುವವನಿಗೆ ಸೊನ್ನೆ ಬಂದರೆ ಅದು ಬೀಡಿಗೆ ಸಿಕ್ಕ ಪರವಾನಗಿ ಅಲ್ಲ. ಅವನು ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್, ಜೀವನದಲ್ಲಿ ಒಂದು ಸಲ ಲಿಪೊಪ್ರೋಟೀನ್-ಎ (ವಂಶದಿಂದ ಬರುವ ಒಂದು ಬಗೆಯ ಕೊಬ್ಬಿನ ಕಣದ ರಕ್ತ ಪರೀಕ್ಷೆ) ಮಾಡಿಸಿಕೊಂಡರೆ ಅದರಿಂದ ಸಿಗುವ ಮಾಹಿತಿಯೇ ಹೆಚ್ಚು.

ಬುಕ್ ಮಾಡುವ ಮುನ್ನ ಕಪಾಟು ತೆರೆಯಿರಿ

ಕೋವಿಡ್ ಕಾಲದಲ್ಲಿ, 2020–21ರಲ್ಲಿ, ನಮ್ಮಲ್ಲಿ ಎಷ್ಟೋ ಜನ ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸಿದ್ದಾರೆ. ಅದರ ಸಿಡಿಯೋ ಫಿಲ್ಮೋ ಮನೆಯಲ್ಲಿ ಬಿದ್ದಿರುತ್ತದೆ. ಆ ಚಿತ್ರಗಳಲ್ಲಿ ಹೃದಯವೂ ಇದೆ. ಅದು ಹೃದಯ ಬಡಿತಕ್ಕೆ ಹೊಂದಿಸಿ ತೆಗೆದ ಸ್ಕ್ಯಾನ್ ಅಲ್ಲವಾದ್ದರಿಂದ ನಿಖರ ಸಂಖ್ಯೆ ಸಿಗುವುದಿಲ್ಲ. ಆದರೆ ಕೊರೊನರಿಗಳಲ್ಲಿ ಸುಣ್ಣ ‘ಇಲ್ಲ, ಸ್ವಲ್ಪ ಇದೆ, ಮಧ್ಯಮ, ತುಂಬ ಇದೆ’ ಎಂದು ರೇಡಿಯಾಲಜಿಸ್ಟ್ ಹೇಳಬಲ್ಲರು. ಆಗ ಎಲ್ಲರ ಕಣ್ಣೂ ಶ್ವಾಸಕೋಶದ ಮೇಲಿತ್ತು, ರಿಪೋರ್ಟಿನಲ್ಲಿ ಹೃದಯದ ಸುದ್ದಿ ಇಲ್ಲದಿರಬಹುದು. ಹಳೆಯ ಸಿಡಿಯನ್ನು ಒಮ್ಮೆ ತೋರಿಸಿ. ‘ತುಂಬ ಇದೆ’ ಎಂದು ಅಲ್ಲೇ ಕಂಡರೆ ಹೊಸ ಸ್ಕ್ಯಾನಿನ ಖರ್ಚು ಉಳಿಯಿತು.

ಮಾಡಿಸಲೇಬೇಕು ಎಂದಾದರೆ ಫೋನಿನಲ್ಲಿ ಕೇಳಬೇಕಾದ ನಾಲ್ಕು ಮಾತು: ಯಂತ್ರ ಕನಿಷ್ಠ 64 ಸ್ಲೈಸಿನದೇ? ಇಸಿಜಿ ಗೇಟಿಂಗ್ (ಹೃದಯ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಇದೆಯೇ? ರಿಪೋರ್ಟಿನಲ್ಲಿ ಒಟ್ಟು ಸ್ಕೋರ್ ಜೊತೆ ಒಂದೊಂದು ರಕ್ತನಾಳದ ಸ್ಕೋರೂ ಬರುತ್ತದೆಯೇ? ಚಿತ್ರಗಳನ್ನು ಸಿಡಿಯಲ್ಲೋ ಲಿಂಕಿನಲ್ಲೋ ಕೊಡುತ್ತೀರಾ? ಕೇಂದ್ರದಿಂದ ಕೇಂದ್ರಕ್ಕೆ ಬೆಲೆ ಬಹಳ ವ್ಯತ್ಯಾಸ, ಎರಡು ಮೂರು ಕಡೆ ವಿಚಾರಿಸಿ. ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ಪರೀಕ್ಷೆಯಾದ್ದರಿಂದ ಸಾಮಾನ್ಯ ವಿಮೆಯಲ್ಲಿ ಇದರ ಹಣ ವಾಪಸ್ ಬರುವುದು ಅಪರೂಪ.

ಬುಕಿಂಗಿನಲ್ಲಿ ಆಗುವ ದೊಡ್ಡ ಎಡವಟ್ಟು ಹೆಸರಿನದು. ‘ಹಾರ್ಟ್ ಸಿಟಿ’ ಎಂದರೆ ಸಿಟಿ ಕೊರೊನರಿ ಆಂಜಿಯೋಗ್ರಾಂ ಬರೆದುಕೊಳ್ಳುವ ಸಾಧ್ಯತೆ ಇದೆ. ಅದು ಬೇರೆಯೇ ಪರೀಕ್ಷೆ: ಅಯೋಡಿನ್ ದ್ರವ (ಕಾಂಟ್ರಾಸ್ಟ್) ನರಕ್ಕೆ ಹಾಕುತ್ತಾರೆ, ಮೊದಲೇ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ, ಬಡಿತ ಇಳಿಸುವ ಮಾತ್ರೆ ಕೊಡುತ್ತಾರೆ, ವಿಕಿರಣ ಹೆಚ್ಚು, ಬೆಲೆಯೂ ಹೆಚ್ಚು. ‘ಕಾಂಟ್ರಾಸ್ಟ್ ಇಲ್ಲದ ಕ್ಯಾಲ್ಸಿಯಂ ಸ್ಕೋರ್ ಮಾತ್ರ’ ಎಂದು ಬಾಯಿಬಿಟ್ಟು ಹೇಳಿ. ಚೀಟಿಯಲ್ಲೂ ಹಾಗೇ ಬರೆಸಿ.

ಆ ದಿನ

ಉಪವಾಸ ಬೇಕಿಲ್ಲ. ಮೆಟ್‌ಫಾರ್ಮಿನ್ ನಿಲ್ಲಿಸಬೇಕಿಲ್ಲ, ಬಿಪಿ ಮಾತ್ರೆಯನ್ನು ಎಂದಿನಂತೆ ನುಂಗಿ. ಬಿಡಬೇಕಾದ್ದು ಎರಡೇ: ನಾಲ್ಕು ಗಂಟೆ ಮುಂಚಿನಿಂದ ಕಾಫಿ, ಟೀ, ಮತ್ತು ಬೀಡಿ, ಸಿಗರೇಟು, ಗುಟ್ಕಾ. ಎರಡೂ ಬಡಿತ ಏರಿಸುತ್ತವೆ. ಬೆಳಗಿನ ಫಿಲ್ಟರ್ ಕಾಫಿ ಬಿಡಲಾರದವರು ಮಧ್ಯಾಹ್ನದ ಸಮಯ ಕೇಳಿ ಪಡೆಯುವುದು ಲೇಸು. ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಟೇಬಲ್ಲಿಗೆ ಹೋಗಬೇಡಿ, ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಿ.

ಎದೆಗೆ ಎಣ್ಣೆ, ಪೌಡರ್, ಕ್ರೀಮ್ ಹಚ್ಚಿದ್ದರೆ ಇಸಿಜಿ ಪಟ್ಟಿ ಅಂಟುವುದಿಲ್ಲ, ಒರೆಸಿಕೊಂಡು ಹೋಗಿ. ಸರ, ಮಾಂಗಲ್ಯ, ಬ್ಲೌಸಿನ ಪಿನ್ನು, ತಂತಿ ಇರುವ ಒಳಉಡುಪು, ಅಂಗಿ ಜೇಬಿನ ಪೆನ್ನು ಎಲ್ಲವೂ ಎದೆಯ ಮೇಲಿನಿಂದ ಹೋಗಬೇಕು. ಲೋಹದ ಸುತ್ತ ಚಿತ್ರದಲ್ಲಿ ಬೆಳ್ಳಿಗೆರೆಗಳು ಮೂಡಿ, ಸುಣ್ಣ ಎಲ್ಲಿ, ಗೆರೆ ಎಲ್ಲಿ ಎಂದು ತಿಳಿಯದಾಗುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದಿದ್ದರೆ ಸಿಬ್ಬಂದಿಗೆ ಹೇಳಿ, ಸ್ಕ್ಯಾನ್ ಆಗುವ ಜಾಗದಿಂದ ಮೇಲಕ್ಕೆ ಸರಿಸಿಡುತ್ತಾರೆ. ಸೊಂಟದ ಉಡುದಾರದಿಂದ ಏನೂ ತೊಂದರೆಯಿಲ್ಲ, ಕ್ಯಾಮೆರಾ ಅಷ್ಟು ಕೆಳಗೆ ನೋಡುವುದಿಲ್ಲ.

ಟೇಬಲ್ ಮೇಲೆ ಅಂಗಾತ ಮಲಗಿ ಎರಡೂ ಕೈ ತಲೆಯ ಹಿಂದಕ್ಕೆ. ಎದೆಗೆ ಮೂರ್ನಾಲ್ಕು ಪಟ್ಟಿ ಅಂಟಿಸುತ್ತಾರೆ. ಯಂತ್ರ ಇಸಿಜಿಯನ್ನು ನೋಡುತ್ತ, ಎರಡು ಬಡಿತಗಳ ನಡುವೆ ಹೃದಯ ಕ್ಷಣಕಾಲ ಸುಮ್ಮನಿರುವಾಗ ಮಾತ್ರ ಚಿತ್ರ ತೆಗೆಯುತ್ತದೆ. ನಿಮ್ಮ ಪಾಲಿನ ಕೆಲಸ ಉಸಿರು ಹಿಡಿಯುವುದು, ಐದರಿಂದ ಹತ್ತು ಸೆಕೆಂಡು. ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ: ಪೂರ್ತಿ ಎದೆ ಉಬ್ಬಿಸಿ ಅಲ್ಲ, ಸಹಜವಾಗಿ ಎಳೆದುಕೊಂಡು ನಿಲ್ಲಿಸುವುದು. ನಡುವೆ ಉಸಿರು ಬಿಟ್ಟರೆ ಚಿತ್ರದಲ್ಲಿ ರಕ್ತನಾಳ ಮೆಟ್ಟಿಲಿನ ಹಾಗೆ ತುಂಡು ತುಂಡಾಗಿ ಕಾಣುತ್ತದೆ, ಒಂದೇ ಚುಕ್ಕೆ ಎರಡು ಸಲ ಎಣಿಕೆಯಾಗಬಹುದು, ಇಲ್ಲವೇ ತಪ್ಪಿಹೋಗಬಹುದು. ಉಸಿರು ಹಿಡಿಯಲು ಆಗಲಿಲ್ಲ ಅನ್ನಿಸಿದರೆ ನಾಚಿಕೊಳ್ಳದೆ ಹೇಳಿ.

ವಿಕಿರಣ ಸುಮಾರು 1 ಮಿಲಿಸೀವರ್ಟ್. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೆ ಪ್ರಕೃತಿಯಿಂದಲೇ ಒಬ್ಬೊಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಹೆದರುವಷ್ಟಿಲ್ಲ, ಹಾಗಂತ ವರ್ಷವರ್ಷವೂ ಹಬ್ಬದಂತೆ ಮಾಡಿಸುವಂಥದ್ದೂ ಅಲ್ಲ.

ಸಂಖ್ಯೆ ಹುಟ್ಟುವುದು ಹೀಗೆ

ಈ ಲೆಕ್ಕವನ್ನು 1990ರಲ್ಲಿ ಆರ್ಥರ್ ಅಗಟ್‌ಸ್ಟನ್ ಮತ್ತು ಸಂಗಡಿಗರು ಪ್ರಕಟಿಸಿದರು, ಹಾಗಾಗಿ ರಿಪೋರ್ಟಿನಲ್ಲಿ ‘ಅಗಟ್‌ಸ್ಟನ್ ಸ್ಕೋರ್’ ಎಂದಿರುತ್ತದೆ. ಹೃದಯವನ್ನು 3 ಮಿ.ಮೀ. ದಪ್ಪದ ಹೋಳುಗಳಾಗಿ ನೋಡುತ್ತಾರೆ. ಕೊರೊನರಿಯ ದಾರಿಯಲ್ಲಿ 130 ಹೌನ್ಸ್‌ಫೀಲ್ಡ್‌ಗಿಂತ (ಸಿಟಿ ಚಿತ್ರದ ಹೊಳಪು ಅಳೆಯುವ ಮಾನ) ಹೆಚ್ಚು ಹೊಳೆಯುವ, ಕನಿಷ್ಠ 1 ಚದರ ಮಿ.ಮೀ. ಇರುವ ಚುಕ್ಕೆಯನ್ನು ಸುಣ್ಣ ಎಂದು ಪರಿಗಣಿಸುತ್ತಾರೆ. ಅದರ ವಿಸ್ತಾರವನ್ನು ಹೊಳಪಿನ ಅಂಕದಿಂದ ಗುಣಿಸುತ್ತಾರೆ: ಗರಿಷ್ಠ ಹೊಳಪು 130–199 ಇದ್ದರೆ 1, 200–299 ಇದ್ದರೆ 2, 300–399 ಇದ್ದರೆ 3, 400 ಮತ್ತು ಮೇಲಿದ್ದರೆ 4.

ಲೆಕ್ಕ ಮಾಡಿ ನೋಡಿ. ಒಂದು ಹೋಳಿನಲ್ಲಿ 4 ಚದರ ಮಿ.ಮೀ. ಚುಕ್ಕೆ, ಹೊಳಪು 250: ನಾಲ್ಕೆರಡಲೆ 8. ಇನ್ನೊಂದರಲ್ಲಿ 6 ಚದರ ಮಿ.ಮೀ., ಹೊಳಪು 420: ಆರ್ನಾಲ್ಕಲೆ 24. ಬಲಗಡೆಯ ರಕ್ತನಾಳದಲ್ಲಿ 2 ಚದರ ಮಿ.ಮೀ., ಹೊಳಪು 150: 2. ಒಟ್ಟು 34. ಈಗ ಎರಡನೇ ಚುಕ್ಕೆಯ ಹೊಳಪು 420ರ ಬದಲು 399 ಬಂದಿದ್ದರೆ 24 ಹೋಗಿ 18 ಆಗುತ್ತಿತ್ತು, ಒಟ್ಟು 28. ರಕ್ತನಾಳದಲ್ಲಿ ಏನೂ ಬದಲಾಗಿಲ್ಲ, ಸಂಖ್ಯೆ ಮಾತ್ರ ಜಿಗಿದಿದೆ. ಒಬ್ಬರಿಗೇ ಬೆನ್ನುಬೆನ್ನಿಗೆ ಎರಡು ಸಲ ಮಾಡಿದರೂ ಶೇ. 10–20ರಷ್ಟು ಹೆಚ್ಚುಕಮ್ಮಿ ಬರುವುದಕ್ಕೆ ಇದೂ ಒಂದು ಕಾರಣ. ಹೋದ ಸಲ 112, ಈ ಸಲ 121 ಎಂದು ನಿದ್ದೆಗೆಡಬೇಡಿ.

ಇನ್ನೊಂದು ವಿಚಿತ್ರ. ಈ ಲೆಕ್ಕ ಗಟ್ಟಿಯಾದ ಸುಣ್ಣಕ್ಕೆ ಹೆಚ್ಚು ಅಂಕ ಕೊಡುತ್ತದೆ. ಆದರೆ 2000ದಲ್ಲಿ ಅಮೆರಿಕದಲ್ಲಿ ಶುರುವಾದ, 6,814 ಜನರನ್ನು ಹಿಂಬಾಲಿಸಿದ ‘ಮೆಸಾ’ ಅಧ್ಯಯನದಲ್ಲಿ ಕಂಡದ್ದು ತದ್ವಿರುದ್ಧ: ಅಷ್ಟೇ ಗಾತ್ರದ ಸುಣ್ಣ ಗಟ್ಟಿಯಾಗಿದ್ದಷ್ಟೂ ಅಪಾಯ ಕಡಿಮೆ. ಗಟ್ಟಿಯಾದದ್ದು ಒಡೆಯುವುದು ಕಡಿಮೆ, ಮೆದುವಾದದ್ದು ಒಡೆಯುವುದು ಹೆಚ್ಚು. ಸ್ಟ್ಯಾಟಿನ್ ಮಾತ್ರೆ ಮಾಡುವ ಕೆಲಸಗಳಲ್ಲಿ ಮೆದುವನ್ನು ಗಟ್ಟಿ ಮಾಡುವುದೂ ಒಂದು. ಆದ್ದರಿಂದ ಮಾತ್ರೆ ನುಂಗುತ್ತಿದ್ದಾಗ ಸ್ಕೋರ್ ಏರಿದರೆ ಮಾತ್ರೆ ಸೋತಿತು ಎಂದರ್ಥವಲ್ಲ. ಮಾತ್ರೆ ಕೆಲಸ ಮಾಡುತ್ತಿದೆಯೋ ಎಂದು ತಿಳಿಯಲು ನೋಡಬೇಕಾದ್ದು ಎಲ್‌ಡಿಎಲ್.

ರಿಪೋರ್ಟ್ ಓದುವ ಕ್ರಮ

ಮೊದಲು ಒಟ್ಟು ಸಂಖ್ಯೆ ನೋಡಿ. ಸೊನ್ನೆ ಎಂದರೆ ಸುಣ್ಣ ಕಂಡಿಲ್ಲ. ಮೆಸಾದಲ್ಲಿ ಸುಮಾರು ಅರ್ಧದಷ್ಟು ಜನ ಸೊನ್ನೆಯವರೇ. 1ರಿಂದ 99 ಅಲ್ಪ, 100ರಿಂದ 299 ಮಧ್ಯಮ, 300ರ ಮೇಲೆ ಹೆಚ್ಚು (ಕೆಲವು ಕೇಂದ್ರಗಳು 400ರಿಂದ ಲೆಕ್ಕ ಹಾಕುತ್ತವೆ). 1000 ದಾಟಿದವರನ್ನು ಹೃದಯದ ಕಾಯಿಲೆ ಈಗಾಗಲೇ ಇರುವವರಷ್ಟೇ ಗಂಭೀರವಾಗಿ ನೋಡಿಕೊಳ್ಳಬೇಕು.

ಆಮೇಲೆ ಪರ್ಸೆಂಟೈಲ್: ನಿಮ್ಮ ವಯಸ್ಸಿನ, ನಿಮ್ಮ ಲಿಂಗದ ನೂರು ಜನರನ್ನು ಕಡಿಮೆ ಸ್ಕೋರಿನಿಂದ ಹೆಚ್ಚಿನ ಕಡೆಗೆ ಸಾಲಾಗಿ ನಿಲ್ಲಿಸಿದರೆ ನೀವು ಎಷ್ಟನೆಯವರು. 45 ವರ್ಷದ ಮಹಿಳೆಗೆ 10 ಬಂದರೆ ಸಂಖ್ಯೆ ಸಣ್ಣದು, ಆದರೆ ಆ ವಯಸ್ಸಿನ ಬಹುಪಾಲು ಹೆಂಗಸರದು ಸೊನ್ನೆ. ಆಕೆ ಮೇಲಿನ ಕಾಲುಭಾಗದಲ್ಲಿದ್ದಾಳೆ. 78ರ ಅಜ್ಜನಿಗೆ 100 ಬಂದರೆ ಸಮಾಧಾನಪಡಬಹುದು. ಮೆಸಾದ ಲೆಕ್ಕಯಂತ್ರ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಆದರೆ ಅದರಲ್ಲಿ ಬಿಳಿಯರು, ಕರಿಯರು, ಹಿಸ್ಪ್ಯಾನಿಕ್ ಮತ್ತು ಚೀನೀಯರು ಇದ್ದಾರೆ, ಭಾರತೀಯರಿಲ್ಲ. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ 906 ಜನರ ಮೇಲೆ ಆಮೇಲೆ ನಡೆದ ಅಧ್ಯಯನದ ಹೆಸರು ‘ಮಸಾಲಾ’. ಯಾರು ಇಟ್ಟರೋ, ಚೆನ್ನಾಗಿ ಇಟ್ಟಿದ್ದಾರೆ. ಅದರಲ್ಲಿ ನಮ್ಮ ಗಂಡಸರ ಸುಣ್ಣ ಬಿಳಿಯ ಗಂಡಸರಷ್ಟೇ ಕಂಡಿತು, ಉಳಿದ ಮೂರು ಗುಂಪಿಗಿಂತ ಹೆಚ್ಚು. ಹಾಗಾಗಿ ಗಂಡಸರು ಲೆಕ್ಕಯಂತ್ರದಲ್ಲಿ ಬಿಳಿಯರ ಸಾಲನ್ನು ಆರಿಸಿದರೆ ಅಂದಾಜು ಸಿಗುತ್ತದೆ. ಚೀನೀಯರ ಸಾಲನ್ನು, ಏಷ್ಯಾದವರು ತಾನೇ ಎಂದು, ಆರಿಸಬೇಡಿ.

ಮೂರನೆಯದು ಹಂಚಿಕೆ. ಎಲ್‌ಎಂ, ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ ಎಂಬ ನಾಲ್ಕು ಸಾಲುಗಳಿರುತ್ತವೆ. ಎಲ್‌ಎಂ ಎಂದರೆ ಎಡಗಡೆಯ ಮುಖ್ಯ ಕಾಂಡ, ಎಲ್‌ಎಡಿ ಮತ್ತು ಎಲ್‌ಸಿಎಕ್ಸ್ ಅದರ ಎರಡು ಕವಲುಗಳು, ಆರ್‌ಸಿಎ ಬಲಗಡೆಯ ನಾಳ. ಎಲ್‌ಎಂನಲ್ಲಿ ಸುಣ್ಣವಿದ್ದರೆ, ಅಥವಾ ಒಂದೇ ಕಡೆ ಇರುವ ಬದಲು ಮೂರು ನಾಲ್ಕು ನಾಳಗಳಿಗೆ ಹರಡಿದ್ದರೆ, ಸಂಖ್ಯೆ ಅದೇ ಇದ್ದರೂ ಹೆಚ್ಚು ಎಚ್ಚರ ಬೇಕು. ಯಂತ್ರ ಮೋಸಹೋಗುವ ಜಾಗವೂ ಇದೇ. ಮಹಾಪಧಮನಿಯ ಬುಡದ ಸುಣ್ಣವನ್ನು ಎಲ್‌ಎಂಗೆ, ಮೈಟ್ರಲ್ ಕವಾಟದ ಉಂಗುರದ ಸುಣ್ಣವನ್ನು ಎಲ್‌ಸಿಎಕ್ಸ್‌ಗೆ ಸೇರಿಸಿ ಎಣಿಸುವುದುಂಟು. ತುಂಬ ದಪ್ಪ ಮೈಯವರ ಚಿತ್ರದಲ್ಲಿ ಕಾಳುಕಾಳು ಗದ್ದಲವೇ ಸುಣ್ಣವಾಗಿ ಲೆಕ್ಕಕ್ಕೆ ಬೀಳಬಹುದು. ಸಂಖ್ಯೆ ನಿಮ್ಮ ಸ್ಥಿತಿಗೆ ತಾಳೆಯಾಗದಿದ್ದರೆ ಚಿತ್ರಗಳನ್ನು ಇನ್ನೊಬ್ಬ ರೇಡಿಯಾಲಜಿಸ್ಟ್ ನೋಡಲಿ. ಅದಕ್ಕೇ ಸಿಡಿ ಕೇಳಿ ಪಡೆಯಲು ಹೇಳಿದ್ದು.

‘ಬ್ಲಾಕೇಜ್ ಎಷ್ಟು ಪರ್ಸೆಂಟ್?’ ಎಂದು ಮನೆಯವರು ಕೇಳುತ್ತಾರೆ. ಈ ಸ್ಕ್ಯಾನಿನಲ್ಲಿ ಅದಕ್ಕೆ ಉತ್ತರವಿಲ್ಲ. ಸುಣ್ಣ ನಾಳದ ಗೋಡೆಯೊಳಗಿದೆ. ದಾರಿ ಎಷ್ಟು ಕಿರಿದಾಗಿದೆ ಎಂದು ಇದು ತೋರಿಸದು. 400 ಸ್ಕೋರಿದ್ದೂ ರಕ್ತ ಸರಾಗವಾಗಿ ಹರಿಯುವವರಿದ್ದಾರೆ.

ಸಂಖ್ಯೆ ಬಂದಮೇಲೆ

ಸೊನ್ನೆ ಬಂದು, ಶುಗರ್ ಇಲ್ಲದೆ, ಸೇದುವ ಚಟವಿಲ್ಲದೆ, ಮನೆತನದಲ್ಲಿ ಚಿಕ್ಕವಯಸ್ಸಿನ ಹೃದಯಾಘಾತವೂ ಇಲ್ಲದಿದ್ದರೆ ಸ್ಟ್ಯಾಟಿನನ್ನು ಸದ್ಯಕ್ಕೆ ಮುಂದೂಡಬಹುದು. ಆ ಮೂರರಲ್ಲಿ ಒಂದಿದ್ದರೂ ಸೊನ್ನೆಯ ಭರವಸೆ ತೆಳುವಾಗುತ್ತದೆ. 1–99 ಬಂದರೆ, ಅದರಲ್ಲೂ 55 ದಾಟಿದವರಿಗೆ, ಮಾತ್ರೆಯ ಕಡೆ ತಕ್ಕಡಿ ವಾಲುತ್ತದೆ. 100 ದಾಟಿದರೆ ಅಥವಾ ಪರ್ಸೆಂಟೈಲ್ 75 ಮುಟ್ಟಿದರೆ ಚರ್ಚೆ ಮುಗಿಯಿತು: ಸ್ಟ್ಯಾಟಿನ್ ಬೇಕು, ಎಲ್‌ಡಿಎಲ್ ಸಾಮಾನ್ಯವಾಗಿ 70ಕ್ಕಿಂತ ಕೆಳಗಿಳಿಯಬೇಕು, ಬಿಪಿ ಹತೋಟಿಗೆ ಬರಬೇಕು. ಆಸ್ಪಿರಿನ್ ಮಾತ್ರ ನೀವಾಗಿಯೇ ಶುರು ಮಾಡಬೇಡಿ. ಹೊಟ್ಟೆಯಲ್ಲೋ ಮೆದುಳಿನಲ್ಲೋ ರಕ್ತ ಸೋರುವ ಅಪಾಯವನ್ನು ತೂಗಿ ವೈದ್ಯರು ಹೇಳಬೇಕಾದ್ದು ಅದು.

ದೊಡ್ಡ ಸಂಖ್ಯೆ ಕಂಡ ಗಾಬರಿಯಲ್ಲಿ ‘ಆಂಜಿಯೋಗ್ರಾಂ ಮಾಡಿಸಿ, ಇದ್ದರೆ ಸ್ಟೆಂಟ್ ಹಾಕಿಸಿಬಿಡೋಣ’ ಎಂಬ ಮಾತು ಬರುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಏನೂ ತೊಂದರೆಯಿಲ್ಲದವರಿಗೆ ಬರೀ ಸ್ಕೋರ್ ನೋಡಿ ಸ್ಟೆಂಟ್ ಹಾಕುವುದಕ್ಕೆ ಆಧಾರವಿಲ್ಲ. ಕಾಯಿಲೆ ಖಚಿತವಾಗಿದ್ದು ಸ್ಥಿರವಾಗಿದ್ದ 5,179 ಜನರ ಮೇಲೆ ನಡೆದ ‘ಇಸ್ಕೀಮಿಯಾ’ ಪ್ರಯೋಗದಲ್ಲೂ ಸ್ಟೆಂಟ್, ಬೈಪಾಸ್‌ಗಳು ಒಳ್ಳೆಯ ಔಷಧೋಪಚಾರಕ್ಕಿಂತ ಹೆಚ್ಚು ಸಾವನ್ನು ತಪ್ಪಿಸಲಿಲ್ಲ. ಸ್ಕೋರ್ ಬಹಳ ಹೆಚ್ಚಿದ್ದಾಗ ವೈದ್ಯರು ಟಿಎಂಟಿಯಂಥ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ) ಪರೀಕ್ಷೆ ಹೇಳಬಹುದು, ಅದು ಸರಿ. ಮಾತ್ರೆಯನ್ನು ಶುರು ಮಾಡದೆ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸುತ್ತ ಹೋಗುವುದು ತಪ್ಪು.

ಇನ್ನು ಅಡುಗೆಮನೆಯ ಪ್ರಶ್ನೆ: ರಾಗಿಮುದ್ದೆ ಬಿಡಬೇಕೇ? ಹಾಲು? ಎಲೆಅಡಿಕೆಯ ಸುಣ್ಣ? ಬೋರ್‌ವೆಲ್ ನೀರು ಕಾಯಿಸಿ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದವರಿಗೆ ರಕ್ತನಾಳದಲ್ಲೂ ಹಾಗೇ ಕಟ್ಟಿದೆ ಅನ್ನಿಸುತ್ತದೆ. ಹಂಡೆಯಲ್ಲಿ ನೀರಿನ ಸುಣ್ಣ ಒಳಮೈಗೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಗೋಡೆಯ ಒಳಗೆ ಕೊಬ್ಬು ಸೇರಿ, ಉರಿಯೂತವಾಗಿ, ಜೀವಕೋಶ ಸತ್ತ ಜಾಗ ಕ್ರಮೇಣ ಮೂಳೆಯಂತೆ ಗಟ್ಟಿಯಾಗುತ್ತದೆ. ತಿಂದ ರಾಗಿಯ ಕ್ಯಾಲ್ಸಿಯಂ ಅಲ್ಲಿ ಹೋಗಿ ಕೂತಿರುವುದಲ್ಲ. ಮುದ್ದೆ, ಮಜ್ಜಿಗೆ ನಿಶ್ಚಿಂತೆಯಾಗಿ ನಡೆಯಲಿ. ವೈದ್ಯರು ಹೇಳದೆ ತಾವೇ ಕೊಂಡು ನುಂಗುವ ಕ್ಯಾಲ್ಸಿಯಂ ಮಾತ್ರೆಗಳ ಬಗ್ಗೆ ಮಾತ್ರ ಅವರನ್ನು ಒಮ್ಮೆ ಕೇಳಿ. ಎಲೆಅಡಿಕೆಯನ್ನು, ಅದರಲ್ಲೂ ಹೊಗೆಸೊಪ್ಪಿನ ಜೊತೆಗೆ, ಬಿಡಬೇಕಾದ ಕಾರಣಗಳು ಬೇರೆ ಇವೆ, ಸುಣ್ಣವಲ್ಲ. ಸುಣ್ಣವನ್ನು ಕರಗಿಸುತ್ತೇವೆ ಎಂದು ಮಾರುವ ಕಷಾಯ, ಡ್ರಿಪ್‌ಗಳಿಗೆ ದುಡ್ಡು ಸುರಿಯಬೇಡಿ. ಕಟ್ಟಿದ್ದನ್ನು ಕರಗಿಸುವ ಸಾಬೀತಾದ ಚಿಕಿತ್ಸೆ ಇಲ್ಲ.

ರಿಪೋರ್ಟಿನ ಕೊನೆಯ ಪ್ಯಾರಾ ಓದದೆ ಮಡಚಿಡಬೇಡಿ. ಹೃದಯದ ಸುತ್ತಲಿನ ಶ್ವಾಸಕೋಶ, ಮಹಾಪಧಮನಿ, ಯಕೃತ್ತಿನ ಮೇಲ್ಭಾಗ ಚಿತ್ರದಲ್ಲಿ ಬಿದ್ದಿರುತ್ತವೆ, ಅಲ್ಲಿ ಕಂಡದ್ದನ್ನೂ ಬರೆದಿರುತ್ತಾರೆ. ಶ್ವಾಸಕೋಶದಲ್ಲಿ 6 ಮಿ.ಮೀ.ಗಿಂತ ಸಣ್ಣ ಗಂಟು ಇದ್ದು, ಸೇದುವ ಅಭ್ಯಾಸವಿಲ್ಲದಿದ್ದರೆ ಸಾಮಾನ್ಯವಾಗಿ ಮುಂದಿನ ಪರೀಕ್ಷೆ ಬೇಕಾಗುವುದಿಲ್ಲ. ಹಳೆಯ ಟಿಬಿಯ ಕಲೆಗಳೂ ನಮ್ಮಲ್ಲಿ ಸಾಮಾನ್ಯ, ಹಳೆಯ ಎಕ್ಸ್‌ರೇ ಇದ್ದರೆ ಹೋಲಿಸಲು ಕೊಡಿ.

ಮತ್ತೆ ಯಾವಾಗ? ಸೊನ್ನೆ ಬಂದವರು, ಅಪಾಯದ ಅಂಶ ಎಷ್ಟಿದೆ ಎಂಬುದರ ಮೇಲೆ, ಮೂರರಿಂದ ಏಳು ವರ್ಷ ಬಿಟ್ಟು ಮಾಡಿಸಬಹುದು. ಶುಗರ್ ಇರುವವರಿಗೆ ಮೂರರ ಹತ್ತಿರ. ಸ್ಕೋರ್ 100 ದಾಟಿ ಸ್ಟ್ಯಾಟಿನ್ ಶುರುವಾದವರು ಮತ್ತೆ ಮಾಡಿಸುವ ಅಗತ್ಯವೇ ಇಲ್ಲ. ಅವರು ಆ ದುಡ್ಡನ್ನು ಎರಡು ಮೂರು ತಿಂಗಳ ನಂತರದ ಲಿಪಿಡ್ ಪರೀಕ್ಷೆಗೂ ಮನೆಯಲ್ಲಿಡುವ ಒಂದು ಒಳ್ಳೆಯ ಬಿಪಿ ಯಂತ್ರಕ್ಕೂ ಹಾಕಲಿ.